ನೀರ ಮೇಲೆ ಬೆಂಕಿ



ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಕೆಲಸಕ್ಕಿದ್ದಾಗ ‘ವಾಟರ್‌ಫೈರ್’ ನೋಡಿದೆ. ಕಲಾವಿದ ಬಾರ್ನಬಿ ಇವಾನ್ಸ್ 1994ರಲ್ಲಿ ಶುರುಮಾಡಿದ್ದು. ಈಗ ನದಿಯ ಮೇಲೆ 80ಕ್ಕೂ ಹೆಚ್ಚು ಕಬ್ಬಿಣದ ಬುಟ್ಟಿಗಳಲ್ಲಿ ಬೆಂಕಿ ಉರಿಯುತ್ತದೆ. ಬರೀ ಸೌದೆ. ಕಪ್ಪು ಬಟ್ಟೆಯ ಸ್ವಯಂಸೇವಕರು ದೋಣಿಯಲ್ಲಿ ಸದ್ದಿಲ್ಲದೆ ಬಂದು ಸೌದೆ ಹಾಕಿ ಹೋಗುತ್ತಾರೆ. ಆ ಜನರೇ ನನಗೆ ಬೆಂಕಿಗಿಂತ ಹೆಚ್ಚು ಹಿಡಿಸಿದ್ದು.

ಸುವರ್ಣ ಮಹೋತ್ಸವಕ್ಕೆ ನಮ್ಮ ಕೆರೆಯಲ್ಲೂ ಅಂಥದೊಂದು ಇರಲಿ ಎಂದು ನಾಲ್ಕು ಡ್ರಮ್ಮಿನ ತೆಪ್ಪದ ಮೇಲೆ ಎತ್ತರಕ್ಕೆ ಬುಟ್ಟಿ ಕೂರಿಸಿದೆ. ಸೌದೆ ತುಂಬಿದ್ದೇ ತಡ, ಮಗುಚಿಕೊಂಡಿತು! ಗುರುತ್ವಕೇಂದ್ರದ ಪಾಠದ ದಿನ ಕಿವಿ ಹಿಂಡಿಸಿಕೊಂಡವನು ನಾನೇ, ಮೇಷ್ಟ್ರೇ. ಬುಟ್ಟಿ ತಗ್ಗಿಸಿ, ತೆಪ್ಪದಡಿ ಕಲ್ಲು ತೂಗುಬಿಟ್ಟ ಮೇಲೆ ನೆಟ್ಟಗೆ ನಿಂತಿದೆ.

ಸಂಜೆ ಏಳಕ್ಕೆ ಕೆರೆ ಏರಿಗೆ ಬನ್ನಿ. ಸೌದೆ ಹಾಕಲು ಈಜು ಬಲ್ಲ ಇಬ್ಬರು ಬೇಕು.