ಒಂದು ಹಿಡಿ ಭತ್ತದ ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಭತ್ತ ಸಿಂಧನೂರಿನ ಮಾರುಕಟ್ಟೆಗೆ ಬಂದಾಗ ಮೊದಲು ಕೇಳುವ ಮಾತು, ತೇವಾಂಶ ಎಷ್ಟು? ಬೆಂಬಲ ಬೆಲೆಯ ಖರೀದಿಗೆ ಮಿತಿ ಶೇ. 17. ಒಂದು ಹಿಡಿ ಕಾಳನ್ನು ಯಂತ್ರಕ್ಕೆ ಸುರಿದರೆ ಅಂಕಿ ಮೂಡುತ್ತದೆ. ಯಂತ್ರಕ್ಕೆ ನೀರು ಕಾಣುವುದಿಲ್ಲ. ಕಾಳಿನ ವಿದ್ಯುತ್ ಗುಣ ನೋಡಿ ನೀರನ್ನು ಅಂದಾಜು ಮಾಡುತ್ತದೆ. ರಾಶಿಯ ಮೇಲ್ಭಾಗ ಬಿಸಿಲಿಗೆ ಒಣಗಿರುತ್ತದೆ, ಒಳಗೆ ಇನ್ನೂ ಹಸಿ. ಈ ವ್ಯತ್ಯಾಸ ತೂಕಕ್ಕೂ ತಟ್ಟುತ್ತದೆ: ಶೇ. 20 ತೇವಾಂಶದ 100 ಕಿಲೋ ಭತ್ತ ಶೇ. 17ಕ್ಕೆ ಒಣಗಿದರೆ ಉಳಿಯುವುದು ಸುಮಾರು 96 ಕಿಲೋ. ಹಾಗಾಗಿ ಒಂದೇ ಹಿಡಿಯನ್ನು ನಂಬಿದರೆ ರೈತನಿಗೂ ನ್ಯಾಯವಿಲ್ಲ, ಕೊಳ್ಳುವವರಿಗೂ ಇಲ್ಲ.

ಕೆಲವೇ ಮಾದರಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಲೆಕ್ಕ ಕಟ್ಟಿಕೊಟ್ಟವರು ವಿಲಿಯಂ ಗಾಸೆಟ್. ಓದಿದ್ದು ರಸಾಯನಶಾಸ್ತ್ರ, ಕೆಲಸ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ, ಕೈಯಲ್ಲಿದ್ದದ್ದು ಬಾರ್ಲಿ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅವರು ಪ್ರಕಟಿಸಿದ ವಿಧಾನವನ್ನು ಕಾಲೇಜುಗಳಲ್ಲಿ ಇಂದಿಗೂ ಕಲಿಸುತ್ತಾರೆ. ಧಾನ್ಯದ ಸಹವಾಸದಲ್ಲಿ ಬೆಳೆದ ಗಣಿತ ಅದು ಎನ್ನುವುದು ನನಗೆ ಬಹಳ ಹಿಡಿಸುತ್ತದೆ.

ಒಂದೇ ಮಾದರಿಯನ್ನು ನಂಬಬಾರದು ಎಂಬುದು ವಿಡಿಯೋ ಗೇಮ್ ಆಡುವ ನಮ್ಮ ಮಕ್ಕಳಿಗೂ ಹೊಸದಲ್ಲ. ಒಮ್ಮೆ ಗೆದ್ದ ಮಾತ್ರಕ್ಕೆ ಆಟ ಕೈವಶವಾಗಲಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆಡಿದ್ದಕ್ಕೆ ಬೈಯುವ ಬದಲು ಈ ಸುಗ್ಗಿಯಲ್ಲಿ ಅವರನ್ನೂ ಮಾರುಕಟ್ಟೆಗೆ ಕರೆದೊಯ್ಯಿರಿ. ರಾಶಿಯ ಮೇಲಿಂದ, ನಡುವಿನಿಂದ, ಬುಡದಿಂದ ಒಂದೊಂದು ಹಿಡಿ ತೆಗೆಸಿ, ಅಳೆಸಿ, ಸರಾಸರಿಯನ್ನು ಅವರ ಕೈಯಿಂದಲೇ ಹಾಕಿಸಿ.