ಕೋರ್ಟಿನ ಕಡತವೂ ಊರಿನ ದಾಖಲೆಯೇ

(ಬ್ರಹ್ಮಾವರದಲ್ಲಿ ನಡೆದ ಕೃಷಿಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಭತ್ತದ ತಳಿ, ಅಡಿಕೆಯ ಕೊಳೆರೋಗ, ಮಣ್ಣಿನ ಹುಳಿ ಇವುಗಳ ಬಗ್ಗೆ ಮಾತನಾಡಬೇಕಾದವನು ಇಂದು ಕ್ರಿಮಿನಲ್ ನ್ಯಾಯಾಲಯದ ಕಡತಗಳ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಾನು ವಕೀಲನಲ್ಲ. ಈ ವಿಷಯಕ್ಕೆ ನನ್ನನ್ನು ತಂದು ನಿಲ್ಲಿಸಿದ್ದು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ.

ತೋಡಿನ ನೀರು ತಿರುಗಿಸಿದ ಜಗಳವೊಂದರಲ್ಲಿ ಬಹಳ ಹಿಂದೆ ನಮ್ಮ ಚಿಕ್ಕಪ್ಪನ ಮೇಲೆ ಪೊಲೀಸ್ ಪ್ರಕರಣ ದಾಖಲಾಗಿತ್ತು. ಮೂರು ವರ್ಷ ವಾಯಿದೆಗೆ ಅಲೆದ ಮೇಲೆ ಖುಲಾಸೆಯೂ ಆಯಿತು. "ಕೇಸು ಬಿಟ್ಟಿತು" ಎಂದು ಮನೆಯವರೆಲ್ಲ ನೆಮ್ಮದಿಯಾದರು. ತೀರ್ಪಿನ ಪ್ರತಿ ತೆಗೆದಿಡಬೇಕೆಂದು ಯಾರಿಗೂ ತೋಚಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ಮಸ್ಕತ್ತಿನಲ್ಲಿದ್ದ ಮಗಳ ಬಾಣಂತನಕ್ಕೆ ಚಿಕ್ಕಮ್ಮನೊಡನೆ ಹೋಗಲೆಂದು ಅವರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಹಳೆಯ ಪ್ರಕರಣ ಎದ್ದು ನಿಂತಿತು. ದಾಖಲಾದದ್ದಕ್ಕೆ ಪುಸ್ತಕದಲ್ಲಿ ಗುರುತಿತ್ತು, ಖುಲಾಸೆಯಾದದ್ದಕ್ಕೆ ಇರಲಿಲ್ಲ. ಪ್ರಕರಣದ ಸಂಖ್ಯೆ ನಮಗೆ ತಿಳಿದಿರಲಿಲ್ಲ. ಕೊನೆಗೆ ಹಳೆಯ ಟ್ರಂಕಿನ ತಳದಲ್ಲಿ ಒಂದು ಸಮನ್ಸ್ ಸಿಕ್ಕಿತು. ಅದರ ಮೇಲಿನ ಸಂಖ್ಯೆಯಿಂದ ತೀರ್ಪು ಸಿಕ್ಕಿತು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದು, ಮೊಮ್ಮಗು ಹುಟ್ಟಿ, ಬಾಣಂತನವೂ ಮುಗಿದಿತ್ತು. ಚೀಟಿಯಿಲ್ಲದ ಮಣ್ಣಿನ ಮಾದರಿ ಪ್ರಯೋಗಾಲಯಕ್ಕೆ ಬಂದರೆ ನಾವು ಪರೀಕ್ಷಿಸಲಾರೆವು. ಸಂಖ್ಯೆಯಿಲ್ಲದೆ ಬಂದವನಿಗೆ ನ್ಯಾಯಾಲಯವೂ ಹಾಗೆಯೇ.

ಆದುದರಿಂದ ಮೊದಲ ಮಾತು ಸಂಖ್ಯೆಯ ಬಗ್ಗೆ. ಒಂದೇ ಪ್ರಕರಣಕ್ಕೆ ಹಲವು ಸಂಖ್ಯೆಗಳಿರುತ್ತವೆ. ಠಾಣೆಯಲ್ಲಿ ದೂರು ದಾಖಲಾದಾಗ ಅದಕ್ಕೊಂದು ಅಪರಾಧ ಸಂಖ್ಯೆ ಮತ್ತು ವರ್ಷ. ಆರೋಪಪಟ್ಟಿ ನ್ಯಾಯಾಲಯ ಸೇರಿದ ಮೇಲೆ ಮ್ಯಾಜಿಸ್ಟ್ರೇಟರಲ್ಲಿ ಸಿ.ಸಿ. ಸಂಖ್ಯೆ, ಸೆಷನ್ಸ್ ನ್ಯಾಯಾಲಯಕ್ಕೆ ಹೋದರೆ ಎಸ್.ಸಿ. ಸಂಖ್ಯೆ. ಖಾಸಗಿ ಫಿರ್ಯಾದಿಗೆ ಪಿ.ಸಿ.ಆರ್. ಸಂಖ್ಯೆ. ಗಣಕೀಕರಣವಾದ ಮೇಲೆ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬಂದಿದೆ. ಅದೊಂದು ಕೈಯಲ್ಲಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಎಂದು ಎಂಬುದನ್ನು ಶುಲ್ಕವಿಲ್ಲದೆ ನೋಡಬಹುದು. ಅದಿಲ್ಲದಿದ್ದರೆ ಠಾಣೆಯ ಹೆಸರು, ಅಪರಾಧ ಸಂಖ್ಯೆ, ವರ್ಷ ಕೊಟ್ಟು, ಇಲ್ಲವೆ ಪಕ್ಷಗಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬಹುದು. ಹೆಸರಿನಿಂದ ಹುಡುಕುವಾಗ ಎಚ್ಚರ ಬೇಕು. ನಮ್ಮಲ್ಲಿ ಒಂದೇ ಹೆಸರಿನವರು ಊರಿಗೆ ನಾಲ್ಕು ಜನ. ತಂದೆಯ ಹೆಸರು, ಗ್ರಾಮ ತಾಳೆ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು.

ಎರಡನೆಯದು, ಎಲ್ಲಿ ಎಂಬುದು. ಉಡುಪಿ ಜಿಲ್ಲೆ 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು. ಬ್ರಹ್ಮಾವರ, ಬೈಂದೂರು ತಾಲೂಕುಗಳು 2018ರ ವೇಳೆಗಷ್ಟೇ ಅಸ್ತಿತ್ವಕ್ಕೆ ಬಂದವು; ಅದಕ್ಕೆ ಮೊದಲು ಬ್ರಹ್ಮಾವರ ಉಡುಪಿ ತಾಲೂಕಿನಲ್ಲೂ ಬೈಂದೂರು ಕುಂದಾಪುರ ತಾಲೂಕಿನಲ್ಲೂ ಇದ್ದವು. ತಾಲೂಕು ಕಚೇರಿ ಊರಿಗೆ ಬಂದ ಮಾತ್ರಕ್ಕೆ ಹಳೆಯ ಕೋರ್ಟು ಕಡತವೂ ಜೊತೆಗೆ ಬಂದಿದೆಯೆಂದು ಭಾವಿಸಬೇಡಿ. ಪ್ರಕರಣ ನಡೆದ ಕಾಲದಲ್ಲಿ ಆ ಠಾಣೆ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿತ್ತು ಎಂಬುದನ್ನು ಕೇಳಿ. ಪ್ರಥಮ ವರ್ತಮಾನ ವರದಿಯಲ್ಲೂ ಸಮನ್ಸಿನಲ್ಲೂ ನ್ಯಾಯಾಲಯದ ಹೆಸರು ಇರುತ್ತದೆ. ಠಾಣೆಯಿಂದ ಕೋರ್ಟಿಗೆ ಓಡಾಡುವ ಪೇದೆಯವರಿಗೆ ಇದು ಬಾಯಿಪಾಠ.

ಮೂರನೆಯದು, ಯಾವ ಕಾಗದವನ್ನು ಯಾರು ಕೇಳಬಹುದು ಎಂಬುದು. ದೂರು ಕೊಟ್ಟವರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಠಾಣೆಯವರು ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿ ಇದು ಇದೆ. ಹಳೆಯ ಕಾಗದಗಳಲ್ಲಿ ಇದನ್ನೇ 154 ಎಂದು ಕಾಣುವಿರಿ. ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ನೀಡಿದ ಆದೇಶದಂತೆ ಈ ವರದಿಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕು. ಲೈಂಗಿಕ ಅಪರಾಧ, ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಆರೋಪಪಟ್ಟಿಯ ವಿಷಯ ಬೇರೆ. ಅದು ಸಾರ್ವಜನಿಕ ದಾಖಲೆಯಲ್ಲ, ಜಾಲತಾಣದಲ್ಲಿ ಹಾಕಬೇಕಾಗಿಲ್ಲ ಎಂದು ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ಹೇಳಿತು. ಆದರೆ ಆರೋಪಿಗೆ ಅದರ ಪ್ರತಿ ಉಚಿತವಾಗಿ ಸಿಗಲೇಬೇಕು.

ಪೊಲೀಸರು ಆರೋಪಪಟ್ಟಿಯ ಬದಲು 'ಬಿ' ರಿಪೋರ್ಟು ಹಾಕಿದರೆ, ಅಂದರೆ ಪ್ರಕರಣದಲ್ಲಿ ಹುರುಳಿಲ್ಲವೆಂದು ಮುಕ್ತಾಯ ಕೋರಿದರೆ, ಅದನ್ನು ಒಪ್ಪುವ ಮೊದಲು ದೂರುದಾರರಿಗೆ ನೋಟೀಸು ಕೊಟ್ಟು ಅವರ ಮಾತು ಕೇಳಬೇಕೆಂದು 1985ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆ ನೋಟೀಸು ಹಳೆಯ ವಿಳಾಸಕ್ಕೆ ಹೋಗಿ ಮರಳಿದರೆ ಅವಕಾಶ ಕೈತಪ್ಪುತ್ತದೆ. ವಿಳಾಸ ಬದಲಾದರೆ ಠಾಣೆಗೂ ಕೋರ್ಟಿಗೂ ಬರೆದು ತಿಳಿಸಿ.

ತೀರ್ಪು, ಸಾಕ್ಷಿಗಳ ಹೇಳಿಕೆ, ದಿನವಹಿ ಆದೇಶ ಇವುಗಳ ದೃಢೀಕೃತ ನಕಲಿಗೆ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಬೇಕಾದದ್ದು ಇಷ್ಟೇ: ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ವರ್ಷ, ಪಕ್ಷಗಾರರ ಹೆಸರು, ಪ್ರಕರಣ ನಡೆಯುತ್ತಿದೆಯೆ ಅಥವಾ ಮುಗಿದಿದೆಯೆ, ಯಾವ ತಾರೀಖಿನ ಯಾವ ಕಾಗದ ಬೇಕು, ಏಕೆ ಬೇಕು. "ಕಡತದ ಎಲ್ಲ ಪ್ರತಿ ಕೊಡಿ" ಎಂದು ಬರೆದರೆ ಹಣವೂ ಹೆಚ್ಚು, ವಿಳಂಬವೂ ಹೆಚ್ಚು. ತೀರ್ಪಿನಿಂದ ಬಾಧಿತರಾದವರು ನಕಲು ಕೇಳುವ ಹಕ್ಕು ಸಂಹಿತೆಯ 404ನೆಯ ಕಲಮಿನಲ್ಲಿದೆ. ಪ್ರಕರಣಕ್ಕೆ ಹೊರಗಿನವರು ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು, ಕಾರಣ ತಿಳಿಸಿ ನ್ಯಾಯಾಧೀಶರ ಅನುಮತಿ ಕೋರಬೇಕು. ಸಂಶೋಧನೆ ಮಾಡುವ ವಿದ್ಯಾರ್ಥಿಗಳು ತಮ್ಮ ವಿಭಾಗ ಮುಖ್ಯಸ್ಥರ ಪತ್ರವನ್ನು ಜೊತೆಗಿಡುವುದು ಒಳ್ಳೆಯದು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದರಾಗದೆ ಎಂದು ಹಲವರು ಕೇಳುತ್ತಾರೆ. ನ್ಯಾಯಾಂಗ ಕಲಾಪದ ಕಡತಗಳನ್ನು ಹೈಕೋರ್ಟ್ ನಿಯಮಗಳ ಮೂಲಕವೇ ಪಡೆಯಬೇಕೆಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ ಗಣಿ ಇಲಾಖೆ ವರ್ಷದಲ್ಲಿ ಎಷ್ಟು ಲಾರಿ ಹಿಡಿಯಿತು, ಎಷ್ಟು ಮೊಕದ್ದಮೆ ಹೂಡಿತು, ಅವುಗಳ ಸಂಖ್ಯೆ ಏನು ಎಂದು ಇಲಾಖೆಯನ್ನು ಕೇಳಲು ಮಾಹಿತಿ ಹಕ್ಕೇ ಸರಿಯಾದ ದಾರಿ. ಅಲ್ಲಿಂದ ಸಂಖ್ಯೆ ಪಡೆದು ಇಲ್ಲಿ ಕಡತ ಹುಡುಕಬಹುದು.

ಇದು ಪರಿಸರದ ಪತ್ರಿಕೆಗೆ ಏಕೆ ಬೇಕು? 2017ರ ಏಪ್ರಿಲ್‌ನಲ್ಲಿ ಕುಂದಾಪುರದ ಬಳಿಯ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ರಾತ್ರಿ ಹೋಗಿದ್ದ ಅಂದಿನ ಜಿಲ್ಲಾಧಿಕಾರಿ ಪ್ರಿಯಾಂಕಾ ಮೇರಿ ಫ್ರಾನ್ಸಿಸ್ ಮತ್ತು ಉಪವಿಭಾಗಾಧಿಕಾರಿ ಶಿಲ್ಪಾ ನಾಗ್ ಅವರ ಮೇಲೆ ದಾಳಿ ನಡೆಯಿತು. ಕೆಲವು ದಿನ ಪತ್ರಿಕೆಗಳ ತುಂಬ ಅದೇ ಸುದ್ದಿ. ಆ ಮೇಲೆ ನ್ಯಾಯಾಲಯದಲ್ಲಿ ಯಾವ ಸಾಕ್ಷಿ ಏನು ಹೇಳಿದರು, ವಿಚಾರಣೆ ಹೇಗೆ ಸಾಗಿತು ಎಂದು ಈ ಸಭೆಯಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಹೊಳೆಯ ತಳದ ಮರಳು ಹೋದರೆ ಪಾತ್ರ ಆಳವಾಗಿ ಉಪ್ಪುನೀರು ಮೇಲೇರುತ್ತದೆ. ಸೀತಾ, ಸ್ವರ್ಣಾ ನದಿಗಳ ದಂಡೆಯ ಗದ್ದೆ ಬಾವಿಗಳವರಿಗೆ ಉಪ್ಪುನೀರಿನ ಕಷ್ಟವನ್ನು ನಾನು ಹೇಳಿಕೊಡಬೇಕಾಗಿಲ್ಲ. ಪ್ರತಿಭಟನೆಯ ದಿನ ನೂರು ಜನ ಸೇರುತ್ತೇವೆ, ವಾಯಿದೆಯ ದಿನ ಒಬ್ಬರೂ ಹೋಗುವುದಿಲ್ಲ. ನ್ಯಾಯಾಲಯದ ಬಾಗಿಲು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಹಿಂದೆ ಕುಳಿತು ಕೇಳಲು ಅನುಮತಿ ಪತ್ರ ಬೇಡ.

ಮರಳಿನ ಪ್ರಕರಣ ಹುಡುಕುವವರು ಎರಡು ಕಡೆ ನೋಡಬೇಕು. ಗಣಿ ಮತ್ತು ಖನಿಜ ಕಾಯ್ದೆಯ ಅಪರಾಧಕ್ಕೆ ಅಧಿಕಾರ ಪಡೆದ ಅಧಿಕಾರಿಯೇ ನ್ಯಾಯಾಲಯಕ್ಕೆ ಲಿಖಿತ ಫಿರ್ಯಾದು ಕೊಡಬೇಕು. ಅದೇ ಕೃತ್ಯವನ್ನು ಕಳ್ಳತನವೆಂದು ಪೊಲೀಸರೂ ದಾಖಲಿಸಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಂದು ಕಡೆ ಸಿಗದಿದ್ದರೆ ಪ್ರಕರಣವೇ ಇಲ್ಲವೆನ್ನಬೇಡಿ.

ಇನ್ನು ಒಂದು ಎಚ್ಚರಿಕೆ. ಪ್ರಥಮ ವರ್ತಮಾನ ವರದಿ ಎಂದರೆ ಆರೋಪ, ತೀರ್ಪಲ್ಲ. ನೆರೆಯವನ ಹಳೆಯ ಪ್ರಕರಣವನ್ನು ಹುಡುಕಿ ತೆಗೆದು ವಾಟ್ಸಾಪಿನಲ್ಲಿ ಹರಿಬಿಡುವುದು ಪರಿಸರ ಹೋರಾಟವಲ್ಲ, ಹಗೆತನ. ಅತ್ಯಾಚಾರಕ್ಕೆ ಒಳಗಾದವರ ಹಾಗೂ ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಗುರುತನ್ನು ಪ್ರಕಟಿಸುವುದು ಅಪರಾಧ. ನನ್ನ ಚಿಕ್ಕಪ್ಪನ ಹೆಸರೂ ಒಂದು ಕಾಲದಲ್ಲಿ ಆರೋಪಿಗಳ ಪಟ್ಟಿಯಲ್ಲಿತ್ತು ಎಂಬುದನ್ನು ನಾನು ಮರೆಯಲಾರೆ.

ಕಡತಗಳು ಶಾಶ್ವತವಲ್ಲ ಎಂಬುದೂ ನೆನಪಿರಲಿ. ನಿಗದಿತ ಅವಧಿ ಮುಗಿದ ಮೇಲೆ ಅವುಗಳ ಹಲವು ಭಾಗಗಳನ್ನು ನಿಯಮದಂತೆ ನಾಶಪಡಿಸಲಾಗುತ್ತದೆ. ಆದ್ದರಿಂದ ಪ್ರಕರಣ ಮುಗಿದ ವಾರವೇ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಆರ್‌ಟಿಸಿ ಇಡುವ ಕಡೆಯೇ ಅದನ್ನೂ ಇಡಿ. ದಾರಿ ತಿಳಿಯದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿ ಮುಗಿಸುತ್ತೇನೆ. ನಿಮ್ಮ ಊರಿನ ಹೊಳೆ, ಹಾಡಿ, ಗುಡ್ಡಕ್ಕೆ ಸಂಬಂಧಿಸಿದ ಒಂದೇ ಒಂದು ಪ್ರಕರಣವನ್ನು ಆರಿಸಿಕೊಳ್ಳಿ. ಒಂದು ನೋಟ್ ಪುಸ್ತಕದಲ್ಲಿ ಅದರ ಸಂಖ್ಯೆ, ನ್ಯಾಯಾಲಯ, ಪ್ರತಿ ವಾಯಿದೆಯಂದು ನಡೆದದ್ದು ಇಷ್ಟನ್ನು ಬರೆಯುತ್ತ ಹೋಗಿ. ನೀವು ಓದು ಮುಗಿಸಿ ಬೆಂಗಳೂರಿಗೆ ಹೋಗುವಾಗ ಆ ಪುಸ್ತಕವನ್ನು ಊರಿನ ವಾಚನಾಲಯಕ್ಕೆ ಕೊಟ್ಟು ಹೋಗಿ. ಮಳೆಯ ಲೆಕ್ಕ ಬರೆದಿಟ್ಟ ಹಿರಿಯರಿಂದ ನಾವು ಕೃಷಿ ಕಲಿತೆವು. ನ್ಯಾಯದ ಲೆಕ್ಕವನ್ನೂ ಯಾರಾದರೂ ಬರೆದಿಡಬೇಕು.