ಬದುಕಿದ ಸಸಿಗೆ ಮಾತ್ರ ಲೆಕ್ಕ
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



"ರಾಜಕೀಯ ನಮಗ್ಯಾಕೆ? ಉಳಿತಾಯ, ಸಾಲ ನೋಡ್ಕೊಂಡ್ರೆ ಸಾಕು" ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಉತ್ತರವಾಗಿ ಆಫ್ರಿಕಾದ ಕೀನ್ಯಾ ದೇಶದ ವಂಗಾರಿ ಮಾತಾಯ್ ಅವರ ಬದುಕನ್ನು ಇಂದು ನಿಮ್ಮ ಮುಂದಿಡುತ್ತೇವೆ.

ವಂಗಾರಿ 1940ರಲ್ಲಿ ನ್ಯೇರಿ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದರು. ಕನ್ಯಾಸ್ತ್ರೀಯರ ಶಾಲೆಯಲ್ಲಿ ಕಲಿತು, ವಿದ್ಯಾರ್ಥಿವೇತನ ಪಡೆದು ಅಮೆರಿಕದಲ್ಲಿ ಜೀವಶಾಸ್ತ್ರ ಓದಿದರು. ಮರಳಿ ಬಂದು ನೈರೋಬಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1971ರಲ್ಲಿ ಡಾಕ್ಟರೇಟ್ ಪಡೆದರು. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರೇ.

ಹಳ್ಳಿಯ ಹೆಂಗಸರು ಅವರ ಬಳಿ ಹೇಳಿದ್ದು ನಮಗೂ ಗೊತ್ತಿರುವ ಕಷ್ಟ: ಸೌದೆ ಸಿಗ್ತಿಲ್ಲ, ನೀರು ದೂರ, ಮಕ್ಕಳಿಗೆ ಒಳ್ಳೆಯ ಊಟ ಇಲ್ಲ. ಎಲ್ಲದರ ಬೇರು ಮರಗಳ ನಾಶದಲ್ಲಿದೆ ಎಂದು ವಂಗಾರಿ ಕಂಡುಕೊಂಡರು. 1977ರಲ್ಲಿ ಹಸಿರು ಪಟ್ಟಿ ಚಳವಳಿ ಶುರುವಾಯಿತು. ಸಸಿ ಬೆಳೆಸಲು ಓದಿದ ಅಧಿಕಾರಿಗಳೇ ಬೇಕೆಂದು ಕೆಲವರು ಅಂದರು. ಆದರೆ ಹೆಂಗಸರು ಒಡೆದ ಮಡಕೆಗಳಲ್ಲೇ ಬೀಜ ಹಾಕಿ ಸಸಿ ಮಾಡಿದರು. ನೆಟ್ಟ ಸಸಿ ಬದುಕಿದರೆ ಮಾತ್ರ ಅವರ ಕೈಗೆ ಸ್ವಲ್ಪ ಹಣ. ನೆಟ್ಟು ಫೋಟೋ ತೆಗೆಸಿಕೊಂಡರೆ ಏನೂ ಇಲ್ಲ! ಹೀಗೆ ಕೋಟಿಗಟ್ಟಲೆ ಮರಗಳು ಎದ್ದವು.

ಹೆಂಗಸರು ಇಲ್ಲಿ ಸಸಿ ನೆಡುತ್ತಿದ್ದರೆ, ಅಲ್ಲಿ ಅಧಿಕಾರದಲ್ಲಿದ್ದವರು ಕಾಡನ್ನೇ ಹಂಚುತ್ತಿದ್ದರು. ಹಾಗಾಗಿ ಕಾನೂನು ಮಾಡುವ ಜಾಗಕ್ಕೂ ಹೋಗಬೇಕೆಂದು ವಂಗಾರಿ ಹೊರಟರು. 1982ರಲ್ಲಿ ಚುನಾವಣೆಗೆ ನಿಲ್ಲಲು ನೌಕರಿಗೆ ರಾಜೀನಾಮೆ ಕೊಟ್ಟರು. ಮತದಾರರ ಪಟ್ಟಿಯ ನೆಪ ಹೇಳಿ ಅವರಿಗೆ ಅವಕಾಶ ನಿರಾಕರಿಸಿದರು. ವಿಶ್ವವಿದ್ಯಾಲಯವೂ ಮತ್ತೆ ಕೆಲಸ ಕೊಡಲಿಲ್ಲ, ವಾಸದ ಮನೆಯೂ ಹೋಯಿತು. ಮೂರು ಮಕ್ಕಳ ತಾಯಿ ಅವರು. ಆ ದಿನಗಳನ್ನು ಯೋಚಿಸಿ ನೋಡಿ.

1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ 60 ಅಂತಸ್ತಿನ ಕಟ್ಟಡ ಏಳಬೇಕಿತ್ತು. ವಂಗಾರಿ ಪತ್ರ ಬರೆದು ಬರೆದು ವಿರೋಧಿಸಿದರು. ಪಾರ್ಲಿಮೆಂಟಿನಲ್ಲಿ ಅವರನ್ನು ಹೀಯಾಳಿಸಿದರು. ಕಡೆಗೆ ಯೋಜನೆಯೇ ನಿಂತುಹೋಯಿತು. 1999ರಲ್ಲಿ ಕರುರಾ ಕಾಡನ್ನು ಉಳಿಸಲು ಸಸಿ ನೆಡಲು ಹೋದಾಗ ತಲೆಗೆ ಪೆಟ್ಟು ಬಿತ್ತು.

1997ರ ಚುನಾವಣೆಯಲ್ಲಿ ಸೋತರು. 2002ರಲ್ಲಿ ಟೆಟು ಕ್ಷೇತ್ರದಲ್ಲಿ ಶೇ. 98ರಷ್ಟು ಮತ ಪಡೆದು ಗೆದ್ದರು. ಮೊದಲ ಪ್ರಯತ್ನದಿಂದ ಗೆಲುವಿಗೆ 20 ವರ್ಷ! 2003ರಲ್ಲಿ ಪರಿಸರ ಖಾತೆಯ ಸಹಾಯಕ ಸಚಿವೆಯಾದರು. ಅದೇ ವರ್ಷ 'ಮಜಿಂಗೀರಾ' ಎಂಬ ಹಸಿರು ಪಕ್ಷ ಕಟ್ಟಿದರು. ಮಜಿಂಗೀರಾ ಅಂದರೆ ಪರಿಸರ. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಮಹಿಳೆಯಾದರು. 2007ರಲ್ಲಿ ಮತ್ತೆ ಸೋತರು, ಆದರೂ ಕೆಲಸ ಬಿಡಲಿಲ್ಲ. 2011ರಲ್ಲಿ ತೀರಿಕೊಂಡಾಗ, ತಮಗಾಗಿ ಮರ ಕಡಿಯಬಾರದೆಂಬ ಅವರ ಇಚ್ಛೆಯಂತೆ ಬಿದಿರು ಮತ್ತು ಜಲಸಸ್ಯಗಳಿಂದ ಪೆಟ್ಟಿಗೆ ಮಾಡಿದರು.

ಸಹೋದರಿಯರೇ, ನಾವೆಲ್ಲ ಸಚಿವೆಯರಾಗಬೇಕಿಲ್ಲ. ವನಮಹೋತ್ಸವದಲ್ಲಿ ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ ಎಂದು ಸಂಘದ ಪುಸ್ತಕದಲ್ಲಿ ಬರೆದಿಡೋಣ. ಆ ಪುಸ್ತಕ ಹಿಡಿದು ಗ್ರಾಮಸಭೆಗೆ ಹೋಗೋಣ. ಗೋಮಾಳ, ಕೆರೆ ದಂಡೆ ಯಾರ ಪಾಲಾಗ್ತಿದೆ ಅಂತ ಎದ್ದು ನಿಂತು ಕೇಳೋಣ. ನಮ್ಮಲ್ಲಿ ಒಬ್ಬಳು ಪಂಚಾಯಿತಿಗೆ ನಿಂತರೆ ಉಳಿದವರು ಅವಳ ಬೆನ್ನಿಗಿರೋಣ. ಸೋತು ಬಂದರೂ ಅವಳ ಕೈ ಬಿಡದಿರೋಣ.